ಆಪರೇಟಿಂಗ್ ಸಿಸ್ಟಮ್ ಹಾಕುವ ಮೊದಲು ಡಿಸ್ಕನ್ನು ಭಾಗ ಮಾಡುವುದು ಹೇಗೆ: ಪಾರ್ಟಿಷನ್ ಯೋಜನೆಯ ಸಮಗ್ರ ಮಾರ್ಗದರ್ಶಿ

ವಿಂಡೋಸ್ ಆಗಲಿ, ಲಿನಕ್ಸ್ ಆಗಲಿ, ಇನ್‌ಸ್ಟಾಲ್ ಮಾಡುವಾಗ ಒಂದು ಪರದೆ ಬಂದೇ ಬರುತ್ತದೆ. ಯಾವ ಡಿಸ್ಕಿನಲ್ಲಿ, ಯಾವ ಜಾಗದಲ್ಲಿ ಹಾಕಬೇಕು ಎಂದು ಅದು ಕೇಳುತ್ತದೆ. ಅಲ್ಲಿಯವರೆಗೆ ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಬಂದವರು ಅಲ್ಲಿ ತಡವರಿಸುತ್ತಾರೆ. ಭಾಷೆ, ಸಮಯ, ವಾಲ್‌ಪೇಪರ್ ಇವನ್ನೆಲ್ಲ ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಬಹುದು. ಪಾರ್ಟಿಷನ್, ಅಂದರೆ ಡಿಸ್ಕನ್ನು ಭಾಗ ಮಾಡಿದಾಗ ಸಿಗುವ ತುಂಡು, ಹಾಗಲ್ಲ. ಮನೆಯ ಗೋಡೆಯಂತೆ, ಕಟ್ಟುವಾಗ ಸುಲಭ, ಒಳಗೆ ಸಾಮಾನು ತುಂಬಿದ ಮೇಲೆ ಸರಿಸುವುದು ಕಷ್ಟ.

ಹಾಗಾಗಿ ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ. ಪಾರ್ಟಿಷನ್‌ಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಂದೊಂದು ಪಾರ್ಟಿಷನ್‌ಗೂ ಒಂದು ಗಟ್ಟಿ ಕಾರಣ ಇರಬೇಕು. ಅಂಥ ಕಾರಣಗಳು ಜಾಸ್ತಿ ಇಲ್ಲ. ಒಂದು, ಕಂಪ್ಯೂಟರ್ ಬೂಟ್ ಆಗಲು (ಆನ್ ಮಾಡಿದಾಗ ಶುರುವಾಗಲು) ಅದು ಬೇಕೇ ಬೇಕು ಅನ್ನುವುದು. ಎರಡು, ಆಪರೇಟಿಂಗ್ ಸಿಸ್ಟಮ್ ಅಳಿಸಿ ಮತ್ತೆ ಹಾಕಿದರೂ ನಿಮ್ಮ ಫೈಲುಗಳು ಉಳಿಯಬೇಕು ಅನ್ನುವುದು. ಮೂರು, ಒಂದೇ ಡಿಸ್ಕಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇರಬೇಕು ಅನ್ನುವುದು. ‘ಸಿನಿಮಾಗೆ ಒಂದು, ಹಾಡಿಗೆ ಒಂದು, ಫೋಟೋಗೆ ಒಂದು’ ಎಂದು ಮಾಡುವುದಕ್ಕೆ ಫೋಲ್ಡರ್ ಸಾಕು. ಫೋಲ್ಡರ್ ತಾನಾಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಪಾರ್ಟಿಷನ್ ಹಿಗ್ಗುವುದಿಲ್ಲ.

ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ನಾಲ್ಕು ಸಮಪಾಲು ಮಾಡುವ ಅಭ್ಯಾಸ ಇನ್ನೂ ಇದೆ. ಒಂದು ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಡಾಸ್ ಮತ್ತು ವಿಂಡೋಸ್ 95ರ ಮೊದಲ ಆವೃತ್ತಿ ಬಳಸುತ್ತಿದ್ದ ಫ್ಯಾಟ್16 ಎಂಬ ಫೈಲ್ ಸಿಸ್ಟಮ್‌ನಲ್ಲಿ (ಫೈಲುಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಕ್ರಮ) ಒಂದು ಪಾರ್ಟಿಷನ್ 2 ಜಿಬಿಗಿಂತ ದೊಡ್ಡದಾಗಿರಲು ಆಗುತ್ತಿರಲಿಲ್ಲ. ಡಿಸ್ಕ್ ದೊಡ್ಡದಾದರೆ ತುಂಡು ಮಾಡಲೇಬೇಕಿತ್ತು. ಆ ಮಿತಿ ಹೋಗಿ ಎಷ್ಟೋ ವರ್ಷ ಆಯಿತು, ಅಭ್ಯಾಸ ಮಾತ್ರ ಹೋಗಿಲ್ಲ. ಅದರ ಫಲ ನೀವೂ ನೋಡಿರುತ್ತೀರಿ: ಸಿ ಡ್ರೈವ್ ತುಂಬಿ ಕೆಂಪಾಗಿರುತ್ತದೆ, ಇ ಡ್ರೈವ್ ಸುಮ್ನೆ ಖಾಲಿ ಬಿದ್ದಿರುತ್ತದೆ.

ಹಂತ 1: ಮೊದಲು ಬ್ಯಾಕಪ್

ಡಿಸ್ಕಿನಲ್ಲಿ ಈಗಾಗಲೇ ಏನಾದರೂ ಇದ್ದರೆ, ಬೇಕಾದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಬೇರೆ ಪಾರ್ಟಿಷನ್‌ಗೆ ಅಲ್ಲ, ಬೇರೆ ಡಿಸ್ಕಿಗೆ. ‘ನನ್ನ ಫೋಟೋಗಳೆಲ್ಲ ಡಿ ಡ್ರೈವಿನಲ್ಲಿವೆ, ಭಯವಿಲ್ಲ’ ಎನ್ನುವವರು ತುಂಬಾ ಜನ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಭಾಗಗಳಾಗಿದ್ದರೆ, ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ನಕಲು ಮಾಡಿದ ಮೇಲೆ ಒಂದೆರಡು ಫೈಲು ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ಅದು ಬ್ಯಾಕಪ್.

ವಿಂಡೋಸ್ ಇರುವ ಕಂಪ್ಯೂಟರ್ ಆದರೆ ಇನ್ನೊಂದು ಕೆಲಸ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ ಆನ್ ಆಗಿದೆಯೇ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಹೇಳದಿದ್ದರೂ ಇದು ಆನ್ ಆಗಿರುವುದು ಉಂಟು. ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಎಲ್ಲಿದೆ ಎಂದು ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆಯಲ್ಲಿ ಏನಾದರೂ ಬದಲಾದರೆ ವಿಂಡೋಸ್ ಆ ಕೀ ಕೇಳುತ್ತದೆ. ಆಗ ಅದು ಸಿಗದಿದ್ದರೆ ಡಿಸ್ಕಿನಲ್ಲಿರುವುದು ನಿಮ್ಮದೇ ಆದರೂ ನಿಮಗೆ ಸಿಗುವುದಿಲ್ಲ.

ಹಂತ 2: ನಿಮ್ಮ ಕಂಪ್ಯೂಟರ್ ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಕಂಪ್ಯೂಟರ್ ಬೂಟ್ ಆಗುವುದರಲ್ಲಿ ಎರಡು ಬಗೆ. ಹಳೆಯದು ಬಯೋಸ್, ಹೊಸದು ಯುಇಎಫ್‌ಐ. ಎರಡೂ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ, ಅದರೊಳಗೇ ಇರುವ ತಂತ್ರಾಂಶ, ಅಂದರೆ ಫರ್ಮ್‌ವೇರ್. ವಿಂಡೋಸ್‌ನಲ್ಲಿ ಸ್ಟಾರ್ಟ್ ಮೆನುವಿಗೆ ಹೋಗಿ ‘ಸಿಸ್ಟಮ್ ಇನ್ಫರ್ಮೇಷನ್’ ಎಂದು ಹುಡುಕಿ. ತೆರೆದ ಕಿಟಕಿಯಲ್ಲಿ ‘ಬಯೋಸ್ ಮೋಡ್’ ಎಂಬ ಸಾಲಿದೆ. ಅಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದು ಬರೆದಿರುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಬಂದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಯುಇಎಫ್‌ಐ.

ಇನ್‌ಸ್ಟಾಲ್ ಮಾಡಲು ಯುಎಸ್‌ಬಿಯಿಂದ ಬೂಟ್ ಮಾಡುವಾಗ ಇಲ್ಲೊಂದು ಸಣ್ಣ ಬಲೆ ಇದೆ. ಕೆಲವು ಕಂಪ್ಯೂಟರ್‌ಗಳ ಬೂಟ್ ಮೆನುವಿನಲ್ಲಿ ಒಂದೇ ಯುಎಸ್‌ಬಿ ಎರಡು ಸಲ ಕಾಣಿಸುತ್ತದೆ. ಒಂದರ ಹಿಂದೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ಯಾವುದನ್ನು ಆರಿಸುತ್ತೀರೋ ಆ ಬಗೆಯಲ್ಲೇ ಇನ್‌ಸ್ಟಾಲ್ ಆಗುತ್ತದೆ. ಈಗಾಗಲೇ ವಿಂಡೋಸ್ ಯುಇಎಫ್‌ಐ ಬಗೆಯಲ್ಲಿದ್ದು, ಲಿನಕ್ಸನ್ನು ಗೊತ್ತಿಲ್ಲದೆ ಹಳೆಯ ಬಗೆಯಲ್ಲಿ ಹಾಕಿಬಿಟ್ಟರೆ, ಬೂಟ್ ಮೆನುವಿನಲ್ಲಿ ಎರಡೂ ಒಟ್ಟಿಗೆ ಬರುವುದಿಲ್ಲ. ಯುಇಎಫ್‌ಐ ಎಂದು ಬರೆದಿರುವುದನ್ನೇ ಒತ್ತಿ.

ಆಮೇಲೆ ಡಿಸ್ಕಿನ ನಿಜವಾದ ಗಾತ್ರ. ಡಿಸ್ಕ್ ತಯಾರಿಸುವವರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ 1024ರ ಲೆಕ್ಕ ಹಾಕುತ್ತದೆ. ಅದಕ್ಕೇ 1 ಟಿಬಿ ಡಿಸ್ಕ್ 931 ಜಿಬಿ ಎಂದೂ, 512ರದ್ದು 476 ಎಂದೂ, 256ರದ್ದು 238 ಎಂದೂ ಕಾಣುತ್ತದೆ. ಯಾರೂ ಮೋಸ ಮಾಡಿಲ್ಲ. ಆದರೆ ಕಾಗದದ ಮೇಲೆ ಯೋಜನೆ ಹಾಕುವಾಗ 931 ಎಂದೇ ಹಿಡಿಯಬೇಕು. ಇಲ್ಲದಿದ್ದರೆ ಕೊನೆಯ ಪಾರ್ಟಿಷನ್‌ಗೆ ಜಾಗ ಸಾಲುವುದಿಲ್ಲ.

ಹಂತ 3: ಜಿಪಿಟಿಯೋ, ಎಂಬಿಆರೋ

ಡಿಸ್ಕಿನಲ್ಲಿ ಯಾವ ಪಾರ್ಟಿಷನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿಯನ್ನು ಪಾರ್ಟಿಷನ್ ಟೇಬಲ್ ಎನ್ನುತ್ತಾರೆ. ಅದನ್ನು ಬರೆಯುವ ಹಳೆಯ ಕ್ರಮ ಎಂಬಿಆರ್. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದದ್ದು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲೇ ಬೂಟ್ ಕೋಡ್, ಪಟ್ಟಿ ಎಲ್ಲ ಹಿಡಿಸಬೇಕಿತ್ತು. ಪಟ್ಟಿಗೆ ಸಿಕ್ಕಿದ್ದು ಬರೀ 64 ಬೈಟ್. ಒಂದೊಂದಕ್ಕೆ 16 ಬೈಟ್‌ನಂತೆ ನಾಲ್ಕೇ ಪ್ರೈಮರಿ ಪಾರ್ಟಿಷನ್. ಐದನೆಯದು ಬೇಕಾದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ, ಅದರೊಳಗೆ ಲಾಜಿಕಲ್ ಪಾರ್ಟಿಷನ್ ಮಾಡುವ ಸರ್ಕಸ್. ಜೊತೆಗೆ, ಸಾಮಾನ್ಯ 512 ಬೈಟ್ ಸೆಕ್ಟರ್‌ನ ಡಿಸ್ಕಿನಲ್ಲಿ 2 ಟಿಬಿಯಾಚೆಗಿನ ಜಾಗ ಅದಕ್ಕೆ ಕಾಣುವುದೇ ಇಲ್ಲ.

ಜಿಪಿಟಿ ಯುಇಎಫ್‌ಐ ಜೊತೆ ಬಂದ ಹೊಸ ಕ್ರಮ. ಮಾಮೂಲಿಯಾಗಿ 128 ಪಾರ್ಟಿಷನ್‌ವರೆಗೆ ಜಾಗ ಇರುತ್ತದೆ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ಮೊದಲಿನದು ಹಾಳಾದರೆ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ನೋಡಿ ಗೊತ್ತುಹಿಡಿದು, ಕೊನೆಯ ಪ್ರತಿಯಿಂದ ಸರಿಪಡಿಸಬಹುದು. ಯುಇಎಫ್‌ಐ ಕಂಪ್ಯೂಟರ್ ಆದರೆ ಎರಡು ಮಾತಿಲ್ಲ, ಜಿಪಿಟಿ. ವಿಂಡೋಸ್ 11ಕ್ಕಂತೂ ಯುಇಎಫ್‌ಐ ಬೇಕೇ ಬೇಕು. ಎಂಬಿಆರ್ ಬೇಕಾಗುವುದು ಬಯೋಸ್ ಮಾತ್ರ ಇರುವ ತೀರಾ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಹಾಕುವವರಿಗೆ. ಅಂಥ ಕಂಪ್ಯೂಟರಿಗೆ ಲಿನಕ್ಸ್ ಹಾಕುವುದಾದರೆ ಜಿಪಿಟಿಯೂ ನಡೆಯುತ್ತದೆ. ಲಿನಕ್ಸನ್ನು ಬೂಟ್ ಮಾಡುವ ಗ್ರಬ್ ಎಂಬ ಪ್ರೋಗ್ರಾಮ್ ಕೂರಲು 1 ಎಂಬಿಯ ‘ಬಯೋಸ್ ಬೂಟ್’ ಪಾರ್ಟಿಷನ್ ಒಂದನ್ನು ಸೇರಿಸಬೇಕು, ಅಷ್ಟೆ.

ಈಗಿರುವ ವಿಂಡೋಸ್ ಎಂಬಿಆರ್ ಡಿಸ್ಕಿನಲ್ಲಿದ್ದರೆ ಅಳಿಸಲೇಬೇಕು ಎಂದಿಲ್ಲ. ವಿಂಡೋಸ್ 10ರಲ್ಲಿ 2017ರಿಂದ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ಇದೆ. ಫೈಲುಗಳನ್ನು ಮುಟ್ಟದೆ ಡಿಸ್ಕನ್ನು ಜಿಪಿಟಿಗೆ ಬದಲಾಯಿಸುತ್ತದೆ. ಆ ಡಿಸ್ಕಿನಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಇರಬಾರದು. ಬದಲಾದ ಮೇಲೆ ಫರ್ಮ್‌ವೇರ್ ಸೆಟ್ಟಿಂಗಿನಲ್ಲಿ ಬೂಟ್ ಬಗೆಯನ್ನೂ ಯುಇಎಫ್‌ಐಗೆ ಬದಲಾಯಿಸಬೇಕು.

ಹಂತ 4: ಎಡ, ಬಲದ ಲೆಕ್ಕ

ಗಾತ್ರಕ್ಕೆ ಹೋಗುವ ಮೊದಲು ಇದು ಅರ್ಥವಾಗಬೇಕು. ಬಹಳ ಜನ ಗಾತ್ರದ ಬಗ್ಗೆ ಮಾತ್ರ ಯೋಚಿಸುತ್ತಾರೆ, ಯಾವುದರ ಪಕ್ಕ ಯಾವುದು ಎಂಬ ಸಾಲಿನ ಬಗ್ಗೆ ಯೋಚಿಸುವುದಿಲ್ಲ. ಆಮೇಲೆ ತೊಂದರೆ ಕೊಡುವುದು ಸಾಲೇ.

ಡಿಸ್ಕನ್ನು ಎಡದಿಂದ ಬಲಕ್ಕೆ ಎಳೆದ ಒಂದು ಉದ್ದನೆಯ ಪಟ್ಟಿ ಎಂದು ಚಿತ್ರ ಬರೆದುಕೊಳ್ಳಿ. ಪಾರ್ಟಿಷನ್ ಮಾಡುವ ಉಪಕರಣಗಳಾದ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್, ಲಿನಕ್ಸ್‌ನ ಜಿಪಾರ್ಟೆಡ್ ಎರಡೂ ಹಾಗೆಯೇ ತೋರಿಸುತ್ತವೆ. ಒಂದು ಪಾರ್ಟಿಷನ್‌ನ ಬಲಕ್ಕೆ ಅಂಟಿಕೊಂಡು ಖಾಲಿ ಜಾಗ ಇದ್ದರೆ, ಅದನ್ನು ಹಿಗ್ಗಿಸುವುದು ಕೆಲವು ಸೆಕೆಂಡಿನ ಕೆಲಸ. ಕೊನೆಯ ಗುರುತು ಮುಂದೆ ಹೋಗುತ್ತದೆ, ಒಳಗಿನ ಫೈಲು ಒಂದೂ ಕದಲುವುದಿಲ್ಲ. ಖಾಲಿ ಜಾಗ ಎಡಕ್ಕಿದ್ದರೆ ಕತೆಯೇ ಬೇರೆ. ಪಾರ್ಟಿಷನ್‌ನ ಶುರುವನ್ನೇ ಹಿಂದಕ್ಕೆ ತರಬೇಕು. ಅಂದರೆ ಒಳಗಿರುವ ಎಲ್ಲವನ್ನೂ ಎತ್ತಿ ಎಡಕ್ಕೆ ಇಡಬೇಕು. ನೂರಾರು ಜಿಬಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಈ ಕೆಲಸ ಮಾಡುವುದೇ ಇಲ್ಲ. ಬಲಕ್ಕೆ ಅಂಟಿದ ಖಾಲಿ ಜಾಗ ಇಲ್ಲದಿದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಬ್ಬಾಗಿ ಕೂತಿರುತ್ತದೆ.

ಇದರಿಂದ ಒಂದು ನಿಯಮ ಬರುತ್ತದೆ. ಗಾತ್ರ ಬದಲಾಗದ ಚಿಕ್ಕ ಪಾರ್ಟಿಷನ್‌ಗಳೆಲ್ಲ ಎಡಕ್ಕೆ. ಬೆಳೆಯಬಹುದಾದದ್ದರ ಬಲಕ್ಕೆ ಖಾಲಿ ಜಾಗ. ಡಿಸ್ಕನ್ನು ಪೂರ್ತಿ ಹಂಚಿ ಮುಗಿಸಬೇಕು ಎಂದೇನೂ ಇಲ್ಲ, ಅಲ್ವಾ? 10% ಹಂಚದೆ ಬಿಟ್ಟರೆ ಅದು ಹಾಳಾದ ಜಾಗವಲ್ಲ. ಆರು ತಿಂಗಳಾದ ಮೇಲೆ ಯಾವುದು ತುಂಬುತ್ತಿದೆ ಎಂದು ನೋಡಿ ಅದಕ್ಕೆ ಕೊಡಬಹುದು. ಎಸ್‌ಎಸ್‌ಡಿ ಆದರೆ ಹೀಗೆ ಖಾಲಿ ಬಿಟ್ಟ ಜಾಗ ಅದರ ಒಳಗಿನ ಕೆಲಸಕ್ಕೂ ಸಹಾಯ ಮಾಡುತ್ತದೆ.

ಎಸ್‌ಎಸ್‌ಡಿ ಮಾತು ಬಂತಲ್ಲ, ಇನ್ನೊಂದು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಶುರುವಿನ ಜಾಗ ತಟ್ಟೆಯ ಹೊರ ಅಂಚಿನಲ್ಲಿರುತ್ತದೆ, ಅಲ್ಲಿ ಓದುವ ವೇಗ ಜಾಸ್ತಿ. ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಮೊದಲಿಗೆ ಇರಲಿ ಎನ್ನುವುದರಲ್ಲಿ ಅರ್ಥವಿತ್ತು. ಎಸ್‌ಎಸ್‌ಡಿಯಲ್ಲಿ ಇದಕ್ಕೆ ಬೆಲೆಯಿಲ್ಲ. ಅದರ ಕಂಟ್ರೋಲರ್ ಸವಕಳಿ ಸಮವಾಗಲಿ ಎಂದು ಮಾಹಿತಿಯನ್ನು ಚಿಪ್‌ಗಳ ಮೇಲೆ ತನಗೆ ಬೇಕಾದ ಕಡೆ ಬರೆಯುತ್ತದೆ. ನೀವು ಎಳೆದ ಗೆರೆಗೂ ಒಳಗಿನ ಚಿಪ್‌ಗೂ ಸಂಬಂಧವಿಲ್ಲ.

ಹಂತ 5: ವಿಂಡೋಸ್ ಒಂದೇ ಆದರೆ

ಯುಇಎಫ್‌ಐ ಕಂಪ್ಯೂಟರಿನಲ್ಲಿ ವಿಂಡೋಸ್‌ಗೆ ನಾಲ್ಕು ಪಾರ್ಟಿಷನ್ ಬೇಕು. ಖಾಲಿ ಡಿಸ್ಕ್ ತೋರಿಸಿ ನೆಕ್ಸ್ಟ್ ಒತ್ತಿದರೆ ಇನ್‌ಸ್ಟಾಲರ್ ತಾನೇ ಮಾಡಿಕೊಳ್ಳುತ್ತದೆ. ಬೂಟ್ ಫೈಲುಗಳಿರುವ ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ವಿಂಡೋಸ್ ತನ್ನ ಒಳಗಿನ ಉಪಯೋಗಕ್ಕೆ ಇಟ್ಟುಕೊಳ್ಳುವ 16 ಎಂಬಿಯ ರಿಸರ್ವ್ಡ್ ಪಾರ್ಟಿಷನ್. ನಿಮ್ಮ ಸಿ ಡ್ರೈವ್. ಕೊನೆಗೆ, ವಿಂಡೋಸ್ ಬೂಟ್ ಆಗದಿದ್ದಾಗ ರಿಪೇರಿ ಪರದೆ ತರುವ ರಿಕವರಿ ಪಾರ್ಟಿಷನ್. ಸಿ ಬಿಟ್ಟರೆ ಉಳಿದವು ಅಕ್ಷರವಿಲ್ಲದ ಪುಟ್ಟ ಪಾರ್ಟಿಷನ್‌ಗಳು, ಉಪಯೋಗವಿಲ್ಲ ಎಂದು ಅಳಿಸುವವರಿದ್ದಾರೆ. ಇಎಫ್‌ಐ ಅಳಿಸಿದರೆ ಮುಂದಿನ ಸಲ ಕಂಪ್ಯೂಟರ್ ಬೂಟ್ ಆಗುವುದಿಲ್ಲ.

ರಿಕವರಿಗೆ 1 ಜಿಬಿ ಕೊಡುವುದು ಒಳ್ಳೆಯದು. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಭದ್ರತಾ ಅಪ್‌ಡೇಟ್, ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ ಕಂಪ್ಯೂಟರ್‌ಗಳಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ. ಪಾರ್ಟಿಷನ್ ದೊಡ್ಡದು ಮಾಡಿಕೊಳ್ಳಿ ಎಂದು ಮೈಕ್ರೋಸಾಫ್ಟ್ ಬಳಕೆದಾರರಿಗೇ ಸೂಚನೆ ಕೊಟ್ಟಿತು. ಕಮಾಂಡ್ ಲೈನ್ ಎಂದರೇನು ಎಂದು ಗೊತ್ತಿಲ್ಲದವರೂ ಸಿ ಡ್ರೈವ್ ಕುಗ್ಗಿಸುತ್ತಾ ಕೂರಬೇಕಾಯಿತು. ಅರ್ಧ ಜಿಬಿ ಉಳಿಸಲು ಹೋದರೆ ಹೀಗಾಗುತ್ತದೆ.

ಇನ್ನು ಸಿ ಮತ್ತು ಡಿ ಪ್ರಶ್ನೆ. ಡಿಸ್ಕ್ 512 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡಿ ಮಾಡಬೇಡಿ. ಎಲ್ಲವೂ ಸಿ. ವಿಂಡೋಸ್ 11 ಹಾಕಲು ಕನಿಷ್ಠ 64 ಜಿಬಿ ಡಿಸ್ಕ್ ಸಾಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅದು ಹಾಕಲು, ಬಾಳಲು ಅಲ್ಲ. ಸಿ ಒಳಗೆ ವಿಂಡೋಸ್ ಜೊತೆ ಏನೇನೆಲ್ಲ ಬೆಳೆಯುತ್ತದೆ ನೋಡಿ. ರ‍್ಯಾಮ್ ಸಾಲದಾಗ ಬಳಸುವ ಪೇಜ್ ಫೈಲ್ ಇದೆ. ಹೈಬರ್ನೇಟ್ ಫೈಲ್ (ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದು ಕಂಪ್ಯೂಟರ್ ಆಫ್ ಮಾಡಲು) ಇದೆ, ಅದು ರ‍್ಯಾಮ್‌ನ 40%ರಷ್ಟು ಜಾಗ ಹಿಡಿಯುತ್ತದೆ. ಬ್ರೌಸರ್‌ಗಳ ಕ್ಯಾಶ್ ಇದೆ. ಪ್ರೋಗ್ರಾಮ್‌ಗಳನ್ನು ಡಿಗೆ ಹಾಕಿದರೂ ಅವು ತಮ್ಮ ಸಾಮಗ್ರಿಯನ್ನು ಸಿ ಒಳಗಿನ ಆಪ್‌ಡೇಟಾ ಫೋಲ್ಡರಿಗೇ ತುಂಬುತ್ತವೆ. ದೊಡ್ಡ ಅಪ್‌ಡೇಟ್ ಬಂದಾಗ ಹಳೆಯ ವಿಂಡೋಸ್ 10 ದಿನ ಪಕ್ಕದಲ್ಲೇ ಇರುತ್ತದೆ. 100 ಜಿಬಿ ಸಿ ಡ್ರೈವ್ ಮೊದಲ ವರ್ಷ ಧಾರಾಳ ಅನಿಸುತ್ತದೆ, ಎರಡನೇ ವರ್ಷ ಉಸಿರು ಕಟ್ಟುತ್ತದೆ.

1 ಟಿಬಿ ಅಥವಾ ಹೆಚ್ಚಿದ್ದರೆ, ಆಗಾಗ ವಿಂಡೋಸ್ ಅಳಿಸಿ ಹೊಸದಾಗಿ ಹಾಕುವ ಅಭ್ಯಾಸವೂ ಇದ್ದರೆ, ಡಿ ಇರಲಿ. ಸಿಗೆ 250 ಜಿಬಿ, ಕಮ್ಮಿ ಎಂದರೆ 200. ಸಿ ಮತ್ತು ರಿಕವರಿ ಆದ ಮೇಲೆ ಉಳಿದದ್ದರಲ್ಲಿ ಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಲೊಕೇಷನ್’ ಟ್ಯಾಬ್‌ಗೆ ಹೋಗಿ ಡಿಗೆ ಸಾಗಿಸಬಹುದು. ಆದರೆ ಡಿ ಒಳಗೆ ಅವಕ್ಕೆ ಬೇರೆ ಬೇರೆ ಫೋಲ್ಡರ್ ಮಾಡಿ ತೋರಿಸಿ, ನೇರ ಡಿ ಡ್ರೈವನ್ನೇ ತೋರಿಸಬೇಡಿ. ಇಡೀ ಯೂಸರ್ಸ್ ಫೋಲ್ಡರನ್ನೋ ಪ್ರೋಗ್ರಾಮ್ ಫೈಲ್ಸನ್ನೋ ಸಾಗಿಸುವ ಸಾಹಸ ಬೇಡ. ಅಪ್‌ಡೇಟ್ ಬಂದಾಗ ಅದು ಕೈ ಕೊಡುತ್ತದೆ.

ಹಂತ 6: ಲಿನಕ್ಸ್ ಒಂದೇ ಆದರೆ

ಲಿನಕ್ಸ್‌ನಲ್ಲಿ ಸಿ, ಡಿ ಇಲ್ಲ. ಎಲ್ಲವೂ ರೂಟ್ ಎಂಬ ಒಂದು ಮರದ ಕೊಂಬೆಗಳು. ಯಾವ ಕೊಂಬೆಗೆ ಬೇಕಾದರೂ ಬೇರೆ ಪಾರ್ಟಿಷನ್ ಜೋಡಿಸಬಹುದು. ಹಳೆಯ ಸರ್ವರ್ ಕೈಪಿಡಿಗಳನ್ನು ಓದಿದರೆ ಆರೇಳು ಪಾರ್ಟಿಷನ್ ಮಾಡಿ ಎಂದಿರುತ್ತದೆ. ಲಾಗ್ ಫೈಲುಗಳು ಬೆಳೆದು ಇಡೀ ಡಿಸ್ಕ್ ತುಂಬಿ ಸರ್ವರ್ ನಿಲ್ಲಬಾರದು ಎಂಬ ಕಾರಣಕ್ಕೆ. ಸರ್ವರ್‌ಗೆ ಅದು ಇವತ್ತಿಗೂ ಸರಿ. ನಿಮ್ಮ ಲ್ಯಾಪ್‌ಟಾಪ್‌ಗೆ ಬೇಡ.

ಮನೆಬಳಕೆಗೆ ಬೇಕಾದ್ದು ಇಷ್ಟು. ಇಎಫ್‌ಐ ಪಾರ್ಟಿಷನ್, ಫ್ಯಾಟ್32, 500 ಎಂಬಿಯಿಂದ 1 ಜಿಬಿ. ರೂಟ್. ಬೇಕೆನಿಸಿದರೆ, ನಿಮ್ಮ ಫೈಲುಗಳು ಇರುವ ಹೋಮ್ ಫೋಲ್ಡರಿಗೆ ಬೇರೆ ಪಾರ್ಟಿಷನ್. ಇಡೀ ಡಿಸ್ಕನ್ನು ಲಕ್ಸ್ ಎಂಬ ಲಿನಕ್ಸ್ ವ್ಯವಸ್ಥೆ ಬಳಸಿ ಎನ್‌ಕ್ರಿಪ್ಟ್ ಮಾಡುವುದಾದರೆ ‘ಬೂಟ್’ ಫೋಲ್ಡರಿಗೆ ಬೇರೆ 1 ಜಿಬಿ. ಕರ್ನೆಲ್‌ಗಳು (ಲಿನಕ್ಸ್‌ನ ತಿರುಳಿನ ಫೈಲುಗಳು) ಒಂದರ ಮೇಲೊಂದು ಅಲ್ಲಿ ಸೇರಿಕೊಳ್ಳುತ್ತವೆ, 300 ಎಂಬಿ ಕೊಟ್ಟರೆ ಬೇಗ ತುಂಬುತ್ತದೆ.

ಬೇರೆ ಹೋಮ್ ಬೇಕೋ ಬೇಡವೋ ಎನ್ನುವುದು ಹಳೆಯ ಜಗಳ. ನನ್ನ ಮಟ್ಟಿಗೆ, ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಬದಲಾಯಿಸುತ್ತಾ ಇರುವವರಿಗೆ ಬೇಕು. ರೂಟ್ ಅಳಿಸಿ ಹೊಸದು ಹಾಕಿದರೂ ಫೈಲುಗಳು ಇದ್ದಲ್ಲೇ ಇರುತ್ತವೆ. ಒಂದೇ ಡಿಸ್ಟ್ರೋದಲ್ಲಿ ವರ್ಷಗಟ್ಟಲೆ ಇರುವವರಿಗೆ ರೂಟ್‌ನಲ್ಲೇ ಹೋಮ್ ಇದ್ದರೆ ಸಾಕು. ಬೇರೆ ಮಾಡುವುದಾದರೆ ರೂಟ್‌ಗೆ ಜಿಪುಣತನ ಮಾಡಬೇಡಿ. ಉಬುಂಟು ಡೆಸ್ಕ್‌ಟಾಪ್ 25 ಜಿಬಿ ಸಾಕು ಎನ್ನುತ್ತದೆ. ಆದರೆ ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಡಾಕರ್ ಮೂಲಕ ಹಾಕಿದ ಪ್ರೋಗ್ರಾಮ್‌ಗಳೆಲ್ಲ ಮಾಮೂಲಿಯಾಗಿ ರೂಟ್ ಒಳಗಿನ ‘ವಾರ್’ (/var) ಫೋಲ್ಡರಿಗೆ ಹೋಗಿ ಕೂರುತ್ತವೆ. ಡಾಕರ್ ಬಳಸುವವರು 100 ಜಿಬಿ ಕೊಡಿ. ಉಳಿದವರಿಗೆ 60 ಚೆನ್ನಾಗಿ ಸಾಕಾಗುತ್ತದೆ.

ರ‍್ಯಾಮ್ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗವೇ ಸ್ವಾಪ್. ಅದರ ಬಗ್ಗೆ ‘ರ‍್ಯಾಮ್‌ನ ಎರಡು ಪಟ್ಟು’ ಎಂಬ ಮಾತು ಇನ್ನೂ ಓಡಾಡುತ್ತಿದೆ. ರ‍್ಯಾಮ್ ತೀರಾ ಕಡಿಮೆ ಇದ್ದ ಕಾಲದ ಲೆಕ್ಕ ಅದು. 32 ಜಿಬಿ ರ‍್ಯಾಮ್ ಇರುವವರು 64 ಜಿಬಿ ಎಸ್‌ಎಸ್‌ಡಿ ಜಾಗವನ್ನು ಸ್ವಾಪ್‌ಗೆ ಕೊಡುವುದರಲ್ಲಿ ಅರ್ಥವಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೈಬರ್ನೇಟ್ ಬೇಕಾ? ಬೇಕಾದರೆ ರ‍್ಯಾಮ್‌ನಷ್ಟೇ, ಅಥವಾ ಸ್ವಲ್ಪ ಜಾಸ್ತಿ ಗಾತ್ರದ ಸ್ವಾಪ್ ಪಾರ್ಟಿಷನ್ ಮಾಡಿ. ಯಾಕೆಂದರೆ ರ‍್ಯಾಮ್‌ನಲ್ಲಿರುವುದು ಅಲ್ಲಿಗೆ ಬರೆಯಲ್ಪಡಬೇಕು. ಬೇಡವಾದರೆ ಪಾರ್ಟಿಷನ್ ಬೇಡವೇ ಬೇಡ, 4 ಜಿಬಿಯ ಸ್ವಾಪ್ ಫೈಲ್ ಸಾಕು. ಫೈಲನ್ನು ನಾಳೆ ಅಳಿಸಿ ದೊಡ್ಡದು ಮಾಡಬಹುದು. ಉಬುಂಟು 2017ರ 17.04 ಆವೃತ್ತಿಯಿಂದ ಹೊಸ ಇನ್‌ಸ್ಟಾಲ್‌ಗಳಲ್ಲಿ ಹೀಗೇ ಮಾಡುತ್ತಿದೆ.

ಫೈಲ್ ಸಿಸ್ಟಮ್ ಯಾವುದು? ಗೊಂದಲ ಇದ್ದರೆ ಇಎಕ್ಸ್‌ಟಿ4. ಹಿಗ್ಗಿಸಬಹುದು, ಕುಗ್ಗಿಸಲೂಬಹುದು. ಕುಗ್ಗಿಸುವಾಗ ಮಾತ್ರ ಅದನ್ನು ಬಳಸುತ್ತಿರಬಾರದು. ಎಕ್ಸ್‌ಎಫ್‌ಎಸ್ ದೊಡ್ಡ ಫೈಲುಗಳಿಗೆ ಚೆನ್ನ. ಆದರೆ ಮಾಮೂಲಿ ಕೆಲಸದಲ್ಲಿ ಅದನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಲು ಬರುವುದಿಲ್ಲ, ಆದ್ದರಿಂದ ಗಾತ್ರದ ಬಗ್ಗೆ ಖಾತ್ರಿ ಇಲ್ಲದವರು ದೂರ ಇರಿ. ಇಎಕ್ಸ್‌ಟಿ4ರಲ್ಲಿ ಒಂದು ಸಣ್ಣ ವಿಷಯ: ಮಾಮೂಲಿಯಾಗಿ 5% ಜಾಗವನ್ನು ‘ರೂಟ್’ ಎಂಬ ಅಡ್ಮಿನಿಸ್ಟ್ರೇಟರ್ ಬಳಕೆದಾರನಿಗೆ ಎತ್ತಿಡುತ್ತದೆ. ರೂಟ್ ಪಾರ್ಟಿಷನ್‌ಗೆ ಅದು ಬೇಕು. ಬರೀ ಸಿನಿಮಾ, ಫೋಟೋ ಇಡುವ 500 ಜಿಬಿ ಪಾರ್ಟಿಷನ್‌ನಲ್ಲಿ 25 ಜಿಬಿ ಹೀಗೆ ಮಾಯವಾದರೆ ಬೇಜಾರು. ಅಲ್ಲಿ 1%ಗೆ ಇಳಿಸಬಹುದು.

ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಈ ಗೋಡೆಗಳ ತಲೆನೋವನ್ನೇ ಬಹುಪಾಲು ತೆಗೆದುಹಾಕುತ್ತದೆ. ಒಂದೇ ಪಾರ್ಟಿಷನ್, ಅದರೊಳಗೆ ರೂಟ್ ಮತ್ತು ಹೋಮ್ ಎರಡು ಸಬ್‌ವಾಲ್ಯೂಮ್ (ಗೋಡೆಯಿಲ್ಲದ ವಿಭಾಗ). ಇಬ್ಬರೂ ಒಂದೇ ಖಾಲಿ ಜಾಗ ಹಂಚಿಕೊಳ್ಳುತ್ತಾರೆ. ಫೆಡೋರಾ ವರ್ಕ್‌ಸ್ಟೇಷನ್ 2020ರ 33ನೇ ಆವೃತ್ತಿಯಿಂದ ಇದನ್ನೇ ಬಳಸುತ್ತಿದೆ. ಆ್ಯಪಲ್‌ನ ಎಪಿಎಫ್‌ಎಸ್ ಕೂಡ ಇದೇ ದಾರಿ ಹಿಡಿದದ್ದು. ಹೊಸದಾಗಿ ಲಿನಕ್ಸ್ ಒಂದನ್ನೇ ಹಾಕುವವರು ಇದನ್ನು ಗಂಭೀರವಾಗಿ ಪರಿಗಣಿಸಿ.

ಹಂತ 7: ವಿಂಡೋಸ್ ಮತ್ತು ಲಿನಕ್ಸ್ ಎರಡೂ ಆದರೆ

ಎರಡು ಬೇರೆ ಡಿಸ್ಕ್ ಇದ್ದರೆ ಒಂದೊಂದಕ್ಕೆ ಒಂದೊಂದು. ಇದಕ್ಕಿಂತ ಸುಖವಾದ ವ್ಯವಸ್ಥೆ ಇಲ್ಲ. ಒಂದನ್ನು ಹಾಕುವಾಗ ಇನ್ನೊಂದರ ಕೇಬಲ್ ಕಳಚಿಡಿ, ಅಥವಾ ಫರ್ಮ್‌ವೇರ್‌ನಲ್ಲಿ ಆಫ್ ಮಾಡಿ. ಇಲ್ಲದಿದ್ದರೆ ಇನ್‌ಸ್ಟಾಲರ್‌ಗಳು ಬೂಟ್ ಫೈಲನ್ನು ಇನ್ನೊಂದು ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ ಹಾಕಿಬಿಡುವುದು ಉಂಟು. ಆ ಡಿಸ್ಕ್ ತೆಗೆದ ದಿನ ಎರಡೂ ಬೂಟ್ ಆಗುವುದಿಲ್ಲ.

ಒಂದೇ ಡಿಸ್ಕ್ ಆದರೆ ಮೊದಲು ವಿಂಡೋಸ್, ಆಮೇಲೆ ಲಿನಕ್ಸ್. ಲಿನಕ್ಸ್‌ನ ಬೂಟ್ ಮೆನು ವಿಂಡೋಸನ್ನೂ ತೋರಿಸುತ್ತದೆ, ವಿಂಡೋಸ್ ಲಿನಕ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿಂಡೋಸ್ ಇನ್‌ಸ್ಟಾಲರ್ ತಾನಾಗಿ ಮಾಡುವ ಇಎಫ್‌ಐ ಪಾರ್ಟಿಷನ್ ಹೆಚ್ಚಾಗಿ 100 ಎಂಬಿ ಇರುತ್ತದೆ. ಗ್ರಬ್ ಮಾತ್ರ ಅಲ್ಲಿಗೆ ಹೋದರೆ ಸಾಕಾಗುತ್ತದೆ. ಕರ್ನೆಲನ್ನೂ ಅಲ್ಲೇ ಇಡುವ ಡಿಸ್ಟ್ರೋಗಳಿಗೆ ಸಾಲದು. ಖಾಲಿ ಡಿಸ್ಕಿನಿಂದ ಶುರು ಮಾಡುತ್ತಿದ್ದರೆ, ಮೊದಲು ಲಿನಕ್ಸ್ ಲೈವ್ ಯುಎಸ್‌ಬಿಯಲ್ಲಿ (ಇನ್‌ಸ್ಟಾಲ್ ಮಾಡದೆ ಯುಎಸ್‌ಬಿಯಿಂದಲೇ ಓಡುವ ಲಿನಕ್ಸ್) ಬೂಟ್ ಆಗಿ, ಜಿಪಾರ್ಟೆಡ್‌ನಲ್ಲಿ ಜಿಪಿಟಿ ಟೇಬಲ್ ಮಾಡಿ, 1 ಜಿಬಿಯ ಫ್ಯಾಟ್32 ಪಾರ್ಟಿಷನ್ ಮಾಡಿ ಅದಕ್ಕೆ ‘ಇಎಸ್‌ಪಿ’ ಫ್ಲ್ಯಾಗ್ ಹಾಕಿ. ಆಮೇಲೆ ವಿಂಡೋಸ್ ಇನ್‌ಸ್ಟಾಲರ್ ಅದನ್ನೇ ಬಳಸಿಕೊಳ್ಳುತ್ತದೆ.

1 ಟಿಬಿ ಎಸ್‌ಎಸ್‌ಡಿಗೆ ನಾನು ಎಡದಿಂದ ಬಲಕ್ಕೆ ಹೀಗೆ ಹಾಕುತ್ತೇನೆ:

ಇಎಫ್‌ಐ – 1 ಜಿಬಿ
ವಿಂಡೋಸ್ ರಿಸರ್ವ್ಡ್ – 16 ಎಂಬಿ
ಸಿ ಡ್ರೈವ್ – 300 ಜಿಬಿ
ವಿಂಡೋಸ್ ರಿಕವರಿ – 1 ಜಿಬಿ
ಇಬ್ಬರಿಗೂ ಸೇರಿದ ಡೇಟಾ – 300 ಜಿಬಿ
ಲಿನಕ್ಸ್, ರೂಟ್ ಹೋಮ್ ಸೇರಿ – 250 ಜಿಬಿ
ಹಂಚದೆ ಬಿಟ್ಟದ್ದು – ಸುಮಾರು 79 ಜಿಬಿ

ಒಟ್ಟು 931. ಲಿನಕ್ಸ್ ಕೊನೆಗಿರುವುದರಿಂದ ಅದು ಯಾವಾಗ ಬೇಕಾದರೂ ಬಲಕ್ಕೆ ಹಿಗ್ಗಬಹುದು. ಸಿ ಹಿಗ್ಗಲು ಆಗುವುದಿಲ್ಲ, ಅದಕ್ಕೇ ಅದಕ್ಕೆ ಮೊದಲೇ ಧಾರಾಳವಾಗಿ ಕೊಟ್ಟಿರುವುದು.

ಇಬ್ಬರೂ ಓದಬೇಕಾದ ಡೇಟಾ ಪಾರ್ಟಿಷನ್ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಒಳ್ಳೆಯದು. ಆದರೆ ಅದಕ್ಕೆ ಜರ್ನಲ್ (ಮಾಡುತ್ತಿರುವ ಬದಲಾವಣೆಯನ್ನು ಗುರುತಿಟ್ಟುಕೊಳ್ಳುವ ದಾಖಲೆ) ಇಲ್ಲ, ಬರೆಯುವಾಗ ಕರೆಂಟ್ ಹೋದರೆ ಹಾಳಾಗುವ ಸಂಭವ ಜಾಸ್ತಿ. ಲಿನಕ್ಸ್‌ನ ಹೋಮನ್ನು ಮಾತ್ರ ಎನ್‌ಟಿಎಫ್‌ಎಸ್ ಮೇಲೆ ಇಡಬೇಡಿ. ಫೈಲ್ ಪರ್ಮಿಷನ್‌ಗಳು ಸರಿಯಾಗಿ ಕೂರದೆ ಚಿತ್ರವಿಚಿತ್ರ ತೊಂದರೆಗಳು ಬರುತ್ತವೆ.

ಹಂತ 8: ಈಗಿರುವ ವಿಂಡೋಸನ್ನು ಕುಗ್ಗಿಸುವುದು

ವಿಂಡೋಸ್ ಈಗಾಗಲೇ ಇಡೀ ಡಿಸ್ಕ್ ಹಿಡಿದಿದ್ದರೆ ಸಿ ಡ್ರೈವನ್ನು ವಿಂಡೋಸ್ ಒಳಗಿನಿಂದಲೇ ಕುಗ್ಗಿಸಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್, ಸಿ ಮೇಲೆ ರೈಟ್ ಕ್ಲಿಕ್, ‘ಶ್ರಿಂಕ್ ವಾಲ್ಯೂಮ್’. ಇಲ್ಲಿ ಎಂಬಿಯಲ್ಲಿ ಕೇಳುತ್ತದೆ, 250 ಜಿಬಿ ಬೇಕಾದರೆ 256000 ಎಂದು ಬರೆಯಿರಿ.

200 ಜಿಬಿ ಖಾಲಿ ಇದ್ದರೂ ‘20 ಜಿಬಿ ಮಾತ್ರ ಕುಗ್ಗಿಸಬಹುದು’ ಎನ್ನುತ್ತಿದೆಯೇ? ಡಿಸ್ಕಿನ ನಡುವೆ ಎಲ್ಲೋ ಕದಲಿಸಲಾಗದ ಫೈಲ್ ಕೂತಿದೆ. ಹೆಚ್ಚಾಗಿ ಅದು ಪೇಜ್ ಫೈಲ್, ಹೈಬರ್ನೇಟ್ ಫೈಲ್ ಅಥವಾ ಸಿಸ್ಟಮ್ ರಿಸ್ಟೋರ್‌ನದ್ದು. ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ. ಕೆಲಸ ಮುಗಿದ ಮೇಲೆ ಆನ್ ಮಾಡಿಕೊಳ್ಳಿ.

ಕುಗ್ಗಿಸಿದಾಗ ಬರುವ ಖಾಲಿ ಜಾಗ ಸಿ ಮತ್ತು ರಿಕವರಿಯ ನಡುವೆ ಇರುತ್ತದೆ. ಪರವಾಗಿಲ್ಲ, ಲಿನಕ್ಸ್ ಅಲ್ಲೇ ಕೂರಲಿ. ರಿಕವರಿಯನ್ನು ಸರಿಸಲು ಹೋಗಬೇಡಿ.

‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡುವುದನ್ನು ಮರೆಯಬೇಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂಬಲ್ಲಿ ಇದು ಸಿಗುತ್ತದೆ. ಇದು ಆನ್ ಇದ್ದರೆ ಶಟ್‌ಡೌನ್ ಎಂದರೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ. ತನ್ನ ಪಾರ್ಟಿಷನ್‌ಗಳನ್ನು ಬಿಟ್ಟುಕೊಡುವುದಿಲ್ಲ. ಆಗ ಲಿನಕ್ಸ್‌ನಿಂದ ಅವುಗಳಿಗೆ ಬರೆಯಲು ಹೋದರೆ ಒಂದೋ ಓದಲು ಮಾತ್ರ ಬಿಡುತ್ತದೆ, ಇಲ್ಲವೋ ಫೈಲ್ ಸಿಸ್ಟಮ್ ಕೆಡುತ್ತದೆ.

ಹಂತ 9: ಇನ್‌ಸ್ಟಾಲರ್ ಪರದೆಯಲ್ಲಿ

ಈಗ ಕಾಗದದ ಮೇಲಿನ ಚಿತ್ರ ಎದುರಿಗಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿ. ಬ್ಯಾಕಪ್ ಇರುವ ಡಿಸ್ಕನ್ನು ಕಳಚಿಡಿ. ಡಿಸ್ಕಿನ ಹೆಸರು ನಂಬಬೇಡಿ, ಗಾತ್ರ ಮತ್ತು ಮಾಡೆಲ್ ನೋಡಿ. ಲಿನಕ್ಸ್‌ನಲ್ಲಿ ಸ್ಯಾಟಾ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಬರುವ ಹೆಸರುಗಳು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು.

ಲಿನಕ್ಸ್ ಇನ್‌ಸ್ಟಾಲರ್‌ನಲ್ಲಿ ಮ್ಯಾನ್ಯುಯಲ್ ಅಥವಾ ಕಸ್ಟಮ್ ಎಂಬ ಆಯ್ಕೆ ಹಿಡಿಯಿರಿ. ಒಂದೊಂದು ಪಾರ್ಟಿಷನ್ ಮುಂದೆಯೂ ‘ಫಾರ್ಮ್ಯಾಟ್’ ಎಂಬ ಚೌಕ ಇರುತ್ತದೆ. ಇಡೀ ಕೆಲಸದಲ್ಲಿ ಅಪಾಯ ಇರುವುದು ಇಲ್ಲೇ. ರೂಟ್‌ಗೆ ಟಿಕ್ ಇರಬೇಕು. ವಿಂಡೋಸ್ ಜೊತೆ ಹಂಚಿಕೊಳ್ಳುತ್ತಿರುವ ಇಎಫ್‌ಐಗೆ ಟಿಕ್ ಇರಬಾರದು, ಇದ್ದರೆ ವಿಂಡೋಸ್‌ನ ಬೂಟ್ ಫೈಲು ಹೋಗುತ್ತದೆ. ಹಳೆಯ ಹೋಮ್ ಉಳಿಸಿಕೊಳ್ಳುವುದಾದರೆ ಅದಕ್ಕೂ ಟಿಕ್ ಇರಬಾರದು. ಜಿಪಾರ್ಟೆಡ್‌ನಲ್ಲಿ ನೀವು ಹೇಳಿದ್ದೆಲ್ಲ ಮೊದಲು ಸಾಲಾಗಿ ನಿಲ್ಲುತ್ತದೆ, ಅಪ್ಲೈ ಒತ್ತುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಒತ್ತುವ ಮೊದಲು ಆ ಸಾಲನ್ನು ಒಮ್ಮೆ ನಿಧಾನವಾಗಿ ಓದಿ.

ಹಳೆಯ ಹೋಮ್ ಉಳಿಸಿಕೊಂಡು ಬೇರೆ ಡಿಸ್ಟ್ರೋ ಹಾಕುವವರು ಬಳಕೆದಾರರ ಹೆಸರನ್ನು ಹೊಸದು ಮಾಡಿ, ಆಮೇಲೆ ಬೇಕಾದ ಫೈಲುಗಳನ್ನಷ್ಟೇ ಆ ಕಡೆಯಿಂದ ಎಳೆದುಕೊಳ್ಳಿ. ಅದೇ ಹೆಸರು ಕೊಟ್ಟರೆ ಹಳೆಯ ಡೆಸ್ಕ್‌ಟಾಪ್‌ನ ಮುಚ್ಚಿಟ್ಟ ಸೆಟ್ಟಿಂಗ್ ಫೈಲುಗಳು ಹೊಸದಕ್ಕೆ ಅಡ್ಡ ಬರಬಹುದು.

ಪಾರ್ಟಿಷನ್‌ಗಳ ಶುರುವನ್ನು 1 ಎಂಬಿ ಗಡಿಗೆ ಹೊಂದಿಸುವ ಚಿಂತೆ ಬೇಡ. ಈಗಿನ ಉಪಕರಣಗಳೆಲ್ಲ ತಾವೇ ನೋಡಿಕೊಳ್ಳುತ್ತವೆ.

ಹಂತ 10: ಮುಗಿದ ಮೇಲೆ

ಎರಡೂ ಸಿಸ್ಟಮ್‌ಗಳನ್ನು ಒಂದೊಂದು ಸಲ ಬೂಟ್ ಮಾಡಿ. ಗಡಿಯಾರ ಕೆಲವು ಗಂಟೆ ಹಿಂದೆಮುಂದೆ ತೋರಿಸಿದರೆ ಗಾಬರಿ ಬೇಡ. ವಿಂಡೋಸ್ ಕಂಪ್ಯೂಟರಿನ ಗಡಿಯಾರವನ್ನು ಸ್ಥಳೀಯ ಸಮಯ ಎಂದು ಓದುತ್ತದೆ, ಲಿನಕ್ಸ್ ಯುಟಿಸಿ ಎಂದು ಓದುತ್ತದೆ. ಇದಕ್ಕೂ ಪಾರ್ಟಿಷನ್‌ಗೂ ಸಂಬಂಧವಿಲ್ಲ. ಲಿನಕ್ಸ್‌ನಲ್ಲಿ ಸ್ಥಳೀಯ ಸಮಯ ಬಳಸು ಎಂದು ಹೇಳಿದರೆ ಸರಿಹೋಗುತ್ತದೆ.

ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ರಿ-ಏಜೆಂಟ್-ಸಿ ಉಪಕರಣದ ಇನ್ಫೋ ಆಯ್ಕೆಯನ್ನು (reagentc /info) ಓಡಿಸಿ. ರಿಕವರಿ ‘ಎನೇಬಲ್ಡ್’ ಎಂದು ಬರಬೇಕು. ಎಲ್ಲ ಪಾರ್ಟಿಷನ್‌ಗಳಿಗೂ ಗುರುತು ಸಿಗುವಂಥ ಲೇಬಲ್ ಕೊಡಿ. ‘ನ್ಯೂ ವಾಲ್ಯೂಮ್’ ಎಂಬ ಹೆಸರಿನ ಮೂರು ಪಾರ್ಟಿಷನ್ ಇದ್ದರೆ ಮುಂದಿನ ಸಲ ತಪ್ಪಾದದ್ದನ್ನೇ ಅಳಿಸುತ್ತೀರಿ.

ಕೊನೆಗೆ ಪಾರ್ಟಿಷನ್ ಟೇಬಲ್‌ನ ಒಂದು ಪ್ರತಿ. ಲಿನಕ್ಸ್‌ನ ಎಸ್‌ಜಿಡಿಸ್ಕ್‌ನಲ್ಲಿ ಬ್ಯಾಕಪ್ ಎಂಬ ಆಯ್ಕೆ ಇದೆ, ಇಡೀ ಪಟ್ಟಿಯನ್ನು ಕೆಲವೇ ಕೆಬಿಯ ಒಂದು ಫೈಲಿಗೆ ಬರೆಯುತ್ತದೆ. ಆ ಫೈಲನ್ನು, ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಒಂದು ಫೋಟೋವನ್ನು, ಬಿಟ್‌ಲಾಕರ್ ಕೀಯನ್ನು ಪೆನ್‌ಡ್ರೈವಿನಲ್ಲೋ ಫೋನಿನಲ್ಲೋ ಇಟ್ಟುಕೊಳ್ಳಿ. ಇದೇ ಡಿಸ್ಕಿನಲ್ಲಿ ಮಾತ್ರ ಇಡಬೇಡಿ.